ಜೇಬಿನ ಮೊಬೈಲೂ ಪುರುಷನ ಸಂತಾನಶಕ್ತಿಯೂ

ಮೂಡಿಗೆರೆಯಿಂದ ಕಳಸದತ್ತ ಸಾಗುವ ಹಾದಿಯಲ್ಲಿ, ಗುಡ್ಡವನ್ನೇರಿದಾಗ ದೊರೆತು ಕಣಿವೆಗಿಳಿದೊಡನೆ ಮರೆಯಾಗುವ ಸಿಗ್ನಲ್ಲಿನ ಸ್ವಭಾವವು ಕಾಫಿತೋಟದಲ್ಲಿ ದುಡಿಯುವವರೆಲ್ಲರಿಗೂ ಪರಿಚಿತವಾದುದೇ. ಆದರೆ ಟವರು ದೂರವಾದಷ್ಟೂ, ನಡುವೆ ಗುಡ್ಡ ಅಡ್ಡಬಂದಷ್ಟೂ, ಮೊಬೈಲು ತನ್ನ ಪ್ರಸಾರಶಕ್ತಿಯನ್ನು ತಾನಾಗಿಯೇ ಹೆಚ್ಚಿಸಿಕೊಳ್ಳುವುದೆಂಬುದನ್ನು ಅರಿತವರು ವಿರಳ. ಆದಕಾರಣ, ಜೇಬಿನಲ್ಲಿರುವ ಈ ಯಂತ್ರದಿಂದ ತನ್ನ ಸಂತಾನಶಕ್ತಿಗೆ ಕುಂದುಂಟಾದೀತೇ ಎಂದು ಮಲೆನಾಡಿನ ತರುಣನು ಕೇಳಿದರೆ, ಆ ಪ್ರಶ್ನೆಯು ಉಪೇಕ್ಷಣೀಯವಲ್ಲ.

ಮೊಬೈಲಿನ ರೇಡಿಯೋ ತರಂಗಗಳು ಕ್ಷ-ಕಿರಣಗಳಂತೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೊಗೆಯುವಷ್ಟು ಪ್ರಬಲವಲ್ಲ. ಅಂಗಾಂಶವನ್ನು ಅತ್ಯಲ್ಪವಾಗಿ ಬೆಚ್ಚಗಾಗಿಸುವುದೇ ಅವುಗಳ ನಿರ್ವಿವಾದವಾದ ಪರಿಣಾಮ. ಆದರೆ ವೃಷಣಗಳು ದೇಹದ ಒಳಗಿನ ಉಷ್ಣತೆಗಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾಗಿರುವಾಗಲೇ ವೀರ್ಯಾಣುಗಳು ಸಮರ್ಪಕವಾಗಿ ಬೆಳೆಯುವುದರಿಂದ, ವಿಜ್ಞಾನಿಗಳ ಶಂಕೆಯು ನಿರಾಧಾರವಾದುದಲ್ಲ. 2009ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ದೇಹದಿಂದ ಹೊರತೆಗೆದ ವೀರ್ಯಾಣುಗಳನ್ನು ಇಂತಹ ತರಂಗಗಳಿಗೆ ಒಡ್ಡಿ, ಅವುಗಳ ಚಲನೆ ಕುಗ್ಗುವುದನ್ನು ಕಂಡರು. ಆದರೆ ಚರ್ಮಮಾಂಸಗಳ ಆವರಣವೂ ರಕ್ತಸಂಚಾರದ ರಕ್ಷಣೆಯೂ ಇಲ್ಲದ ಪ್ರಯೋಗಪಾತ್ರೆಯು ಸಜೀವ ದೇಹಕ್ಕೆ ಸಮನಾಗಲಾರದು.

ಮನುಷ್ಯರನ್ನೇ ಕುರಿತ ಸಾಕ್ಷ್ಯವೊಂದು ಸ್ವಿಟ್ಜರ್ಲೆಂಡಿನಿಂದ ಬಂದಿದೆ. 2005ರಿಂದ 2018ರವರೆಗೆ 2,886 ತರುಣರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ, ವಾರಕ್ಕೊಮ್ಮೆಗಿಂತ ಹೆಚ್ಚಾಗಿ ಮೊಬೈಲನ್ನು ಬಳಸದವರ ವೀರ್ಯಾಣುಸಾಂದ್ರತೆಯು ಮಿಲಿಲೀಟರಿಗೆ 5.65 ಕೋಟಿಯಿದ್ದರೆ, ದಿನಕ್ಕೆ 20 ಬಾರಿಗೂ ಮಿಕ್ಕಿ ಬಳಸುವವರಲ್ಲಿ ಅದು 4.45 ಕೋಟಿಯಷ್ಟಿದ್ದಿತು. ಆದರೂ ಷರಾಯಿಯ ಜೇಬಿನಲ್ಲಿ ಮೊಬೈಲನ್ನಿರಿಸಿಕೊಳ್ಳುವುದಕ್ಕೂ ಈ ಇಳಿತಕ್ಕೂ ಸಂಬಂಧವು ಕಂಡುಬರಲಿಲ್ಲ. ಹಳೆಯ 2ಜಿ ಹೋಗಿ 3ಜಿ, 4ಜಿಗಳು ಬಂದ ವರ್ಷಗಳಲ್ಲಿ ವ್ಯತ್ಯಾಸವೂ ಕ್ಷೀಣಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಕನಿಷ್ಠ ಮಾನವು 1.6 ಕೋಟಿಯಾದುದರಿಂದ, ಈ ಎರಡು ಪ್ರಮಾಣಗಳೂ ಅದಕ್ಕಿಂತ ಬಹಳ ಮೇಲಿವೆ.

ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರಿನಿಂದ, ಮೊಬೈಲಿನಿಂದ ದೇಹವು ಹೀರುವ ಶಕ್ತಿಯು ಕಿಲೋಗ್ರಾಮಿಗೆ 1.6 ವಾಟನ್ನು ಮೀರಕೂಡದೆಂಬ ನಿಯಮವಿದೆ. ಅದರೊಡನೆ, ಸಿಗ್ನಲ್ ದುರ್ಬಲವಾದೆಡೆ ಮಾತನ್ನು ಮೊಟಕುಗೊಳಿಸಿ ಮೊಬೈಲನ್ನು ಜೇಬಿನಿಂದ ಚೀಲಕ್ಕೆ ಸೇರಿಸುವುದು ಖರ್ಚಿಲ್ಲದ ಎಚ್ಚರಿಕೆ. ಆದರೆ ತಂಬಾಕು, ಮದ್ಯ, ವೃಷಣದ ರಕ್ತನಾಳಗಳ ಊತ ಮೊದಲಾದ ಸುಪರಿಚಿತ ಕಾರಣಗಳನ್ನು ಮರೆತು ಅಪರಾಧವನ್ನೆಲ್ಲ ಮೊಬೈಲಿನ ಮೇಲೆ ಹೊರಿಸುವುದು ವಿವೇಕವಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ಪಾಲೂ ಇರುವುದರಿಂದ, ತೋಟದ ಬಂಗಲೆಯಲ್ಲಾಗಲಿ ಕೂಲಿಲೈನಿನಲ್ಲಾಗಲಿ, ಸೊಸೆಯನ್ನು ದೂಷಿಸುವ ಮೊದಲು ಮಗನು ವೀರ್ಯಪರೀಕ್ಷೆಗೆ ಒಳಗಾಗುವುದೇ ನ್ಯಾಯ. ಸಂಕೋಚವನ್ನು ತೊರೆದರೆ ಅದು ಅತ್ಯಂತ ಸುಲಭವಾದ ಪರೀಕ್ಷೆ.