ದೀಪದಿಂದ ಹುಟ್ಟಿದ ಒಂದು ಕ್ರಿಯಾಪದ

ಒಬ್ಬರ ಮನಸ್ಸಿನ ನೆಮ್ಮದಿಯನ್ನು ಕದಡುವುದಕ್ಕೆ ಕನ್ನಡದಲ್ಲಿ ಮಾತುಗಳು ಹೇರಳವಾಗಿವೆ. ಕಂಗೆಡಿಸುವುದು, ದಿಕ್ಕೆಡಿಸುವುದು, ಎದೆಗೆಡಿಸುವುದು, ಧೃತಿಗೆಡಿಸುವುದು: ಕೆಟ್ಟದ್ದು ಯಾವುದೆಂಬುದನ್ನು ಆಯಾ ಪದವೇ ತಿಳಿಸುತ್ತದೆ. ಇಂಗ್ಲಿಷಿನಲ್ಲಿ ಈಗ ಬಹಳವಾಗಿ ಬಳಕೆಗೆ ಬಂದಿರುವ ‘ಗ್ಯಾಸ್‌ಲೈಟ್’ ಎಂಬ ಕ್ರಿಯಾಪದದಲ್ಲಿ ಅಂಥ ಸುಳಿವಿಲ್ಲ. ಅನಿಲದೀಪವೆಂಬ ನಾಮಪದವೇ ಅಲ್ಲಿ ಕ್ರಿಯಾಪದವಾಗಿ ನಿಂತಿದೆ. ಒಬ್ಬರನ್ನು ‘ಗ್ಯಾಸ್‌ಲೈಟ್’ ಮಾಡುವುದೆಂದರೆ, ಅವರು ಕಣ್ಣಾರೆ ಕಂಡುದನ್ನೂ ಕಿವಿಯಾರೆ ಕೇಳಿದುದನ್ನೂ ಮೇಲಿಂದ ಮೇಲೆ ಅಲ್ಲಗಳೆದು, ಅವರ ಬುದ್ಧಿಯನ್ನು ಅವರೇ ನಂಬದಂತೆ ಮಾಡುವುದು. ಈ ದ್ರೋಹಕ್ಕೆ ದೀಪದ ಹೆಸರು ಬಂದುದು ಹೇಗೆಂಬುದನ್ನು ನೋಡೋಣ.

ಆಂಗ್ಲ ನಾಟಕಕಾರ ಪ್ಯಾಟ್ರಿಕ್ ಹ್ಯಾಮಿಲ್ಟನ್ನನ ‘ಗ್ಯಾಸ್ ಲೈಟ್’ ಎಂಬ ನಾಟಕವು 1938ರಲ್ಲಿ ರಂಗವನ್ನೇರಿತು. ಕಥೆ ನಡೆಯುವುದು 19ನೆಯ ಶತಮಾನದ ಲಂಡನ್ನಿನಲ್ಲಿ. ಮ್ಯಾನಿಂಗ್‌ಹ್ಯಾಮ್ ಎಂಬ ಗೃಹಸ್ಥನು ಗೋಡೆಯ ಚಿತ್ರವನ್ನು ತಾನೇ ತೆಗೆದು ಅಡಗಿಸಿಡುತ್ತಾನೆ. ಅದು ಹೆಂಡತಿ ಬೆಲ್ಲಾಳ ಕೆಲಸವೆಂದೂ ಆಕೆಗೆ ಚಿತ್ತಭ್ರಮಣೆಯಾಗುತ್ತಿದೆಯೆಂದೂ ಸಾಧಿಸುತ್ತಾನೆ. ರಾತ್ರಿ ಹೊರಗೆ ಹೋದವನಂತೆ ನಟಿಸಿ, ಗುಟ್ಟಾಗಿ ಮುಚ್ಚಿದ ಮೇಲಂತಸ್ತನ್ನು ಸೇರಿ, ಹಿಂದೆ ಅದೇ ಮನೆಯಲ್ಲಿ ತಾನು ಕೊಂದ ಮುದುಕಿಯ ಮಾಣಿಕ್ಯಗಳನ್ನು ಹುಡುಕುತ್ತಾನೆ.

ಆ ಕಾಲದ ಮನೆಗಳಲ್ಲಿ ಅನಿಲವು ಒಂದೇ ಕೊಳವೆಯಿಂದ ಹಲವು ದೀಪಗಳಿಗೆ ಹರಿಯುತ್ತಿತ್ತು. ಒಂದು ಕಡೆ ಹೊಸ ದೀಪ ಹೊತ್ತಿಸಿದರೆ ಒತ್ತಡವಿಳಿದು ಇನ್ನೊಂದು ಕಡೆಯ ದೀಪ ಮಂಕಾಗುತ್ತಿತ್ತು. ಗಂಡ ಹೊರಟ ಸ್ವಲ್ಪ ಹೊತ್ತಿಗೆ ತನ್ನ ಕೋಣೆಯ ದೀಪ ತಗ್ಗುವುದನ್ನೂ, ಅವನು ಮರಳುವ ಮುನ್ನ ಮತ್ತೆ ಬೆಳಗುವುದನ್ನೂ ಬೆಲ್ಲಾ ಗಮನಿಸುತ್ತಾಳೆ. ಆದರೆ ತನ್ನ ಕಣ್ಣನ್ನು ನಂಬುವ ಧೈರ್ಯ ಆಕೆಗೆ ಉಳಿದಿಲ್ಲ.

ಗಂಡನು ಬೇಕೆಂದೇ ದೀಪವನ್ನು ತಗ್ಗಿಸಿ, ತಗ್ಗಿಲ್ಲವೆಂದು ಸಾಧಿಸಿದನೆಂದು ಹಲವರು ಈ ಪದಕ್ಕೆ ವಿವರಣೆ ಕೊಡುವುದುಂಟು. ನಾಟಕದಲ್ಲಿ ಹಾಗಿಲ್ಲ. ದೀಪವು ಅವನ ಆಯುಧವಲ್ಲ. ಅವನ ಕೈಮೀರಿ ನಿಜವನ್ನು ನುಡಿದ ಸಾಕ್ಷಿ. ಹೊರಗಿನಿಂದ ಬಂದ ಪತ್ತೇದಾರನೊಬ್ಬನು ಆಕೆಯ ಮಾತನ್ನು ಕೇಳಿ, ಅದೇ ದೀಪವನ್ನು ತಾನೂ ನೋಡಿದಾಗ ಬೆಲ್ಲಾಳ ಬಿಡುಗಡೆ ಆರಂಭವಾಗುತ್ತದೆ.

ಈ ನಾಟಕವು 1940ರಲ್ಲಿ ಇಂಗ್ಲೆಂಡಿನಲ್ಲಿಯೂ 1944ರಲ್ಲಿ ಅಮೆರಿಕದಲ್ಲಿಯೂ ಚಲನಚಿತ್ರವಾಯಿತು. ಎರಡನೆಯದರಲ್ಲಿ ಹೆಂಡತಿಯ ಪಾತ್ರ ವಹಿಸಿದ ಇಂಗ್ರಿಡ್ ಬರ್ಗ್‌ಮನ್ನಳಿಗೆ ಆಸ್ಕರ್ ಪ್ರಶಸ್ತಿ ದೊರೆಯಿತು. ಚಿತ್ರದ ಹೆಸರು ಕ್ರಮೇಣ ಆಡುಮಾತಿನಲ್ಲಿ ಕ್ರಿಯಾಪದವಾಯಿತು. 1969ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯು ಈ ಹೆಸರನ್ನಿಟ್ಟೇ ಒಂದು ಲೇಖನವನ್ನು ಪ್ರಕಟಿಸಿತು. 2022ರಲ್ಲಿ ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು ‘ಗ್ಯಾಸ್‌ಲೈಟಿಂಗ್’ ಎಂಬುದನ್ನು ವರ್ಷದ ಪದವೆಂದು ಸಾರಿತು.

ಬಳಕೆ ಹೆಚ್ಚಿದಂತೆ ಅರ್ಥವೂ ತೆಳುವಾಗಿದೆ. ಭಿನ್ನಾಭಿಪ್ರಾಯಕ್ಕೂ ಬರಿಯ ಸುಳ್ಳಿಗೂ ಈ ಹೆಸರನ್ನು ಅಂಟಿಸುವುದು ಸರಿಯಲ್ಲ. ಪಂಚತಂತ್ರದ ಧೂರ್ತರು ಹೋತವನ್ನು ನಾಯಿಯೆಂದು ಸಾಧಿಸಿ ಬ್ರಾಹ್ಮಣನ ಬುದ್ಧಿಯನ್ನು ಕಂಗೆಡಿಸಿದರು. ಆದರೆ ಅವರಿಗೆ ಬೇಕಾಗಿದ್ದುದು ಹೋತ, ಕೆಲಸ ಮುಗಿದೊಡನೆ ಅವನನ್ನು ಬಿಟ್ಟುಹೋದರು. ಇಲ್ಲಿಯಾದರೋ ವಂಚಕನು ಮನೆಯೊಳಗಿನವನೇ, ನಂಬಿಕೆಗೆ ಪಾತ್ರನಾದವನೇ. ದಿನದಿನವೂ ಮುಂದುವರಿಯುವುದೇ ಅವನ ವಿದ್ಯೆ. ಗಾಯವಿಲ್ಲದ ಈ ಬಗೆಯ ಹಿಂಸೆಯನ್ನು ನ್ಯಾಯಾಲಯಗಳು ಗುರುತಿಸುವುದು ಕಷ್ಟವಾಗಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2015ರ ಕಾನೂನು, ಆಪ್ತರ ಮೇಲೆ ದಬ್ಬಾಳಿಕೆಯ ಹತೋಟಿ ನಡೆಸುವುದನ್ನೇ ಅಪರಾಧವೆಂದು ವಿಧಿಸಿತು. ಐದು ವರ್ಷಗಳವರೆಗೆ ಸೆರೆವಾಸಕ್ಕೆ ಅವಕಾಶವುಂಟು.

ಆದ್ದರಿಂದ ಈ ಪದವನ್ನು ಮಿತವಾಗಿ, ತಕ್ಕ ಸ್ಥಳದಲ್ಲಿ ಬಳಸುವುದು ಲೇಸು. ನಿಜವಾಗಿ ನೊಂದವರು ಅದನ್ನು ನುಡಿದಾಗ, ‘ನಿನಗೆ ಭ್ರಮೆ’ ಎನ್ನುವುದಕ್ಕೆ ಮೊದಲು ನಾವೂ ಒಮ್ಮೆ ಆ ದೀಪದ ಕಡೆಗೆ ನೋಡಬೇಕು.