ಅಜ್ಜನ ರುಮಾಲಿನ ಗೆರೆಗಳು

ನಮ್ಮ ಅಜ್ಜ ನಡೆದಾಡುವುದು ಈಗ ಕಾಣಸಿಗುವುದು ಗಜೇಂದ್ರಗಡದಲ್ಲಿ ನಡೆದ ಕಾಕಾನ ಮದುವೆಯ ಡಿವಿಡಿಯಲ್ಲಿ ಮಾತ್ರ. ಎಲ್‌ಇಡಿ ಟಿವಿ ಬಂದ ದಿನ ಹಾಕಿದರೆ, ಅಜ್ಜ ತಿರುಗಿದಾಗಲೆಲ್ಲ ರುಮಾಲಿನ ಅಂಚಿಗೆ ಬಾಚಣಿಕೆ ಹಲ್ಲಿನಂಥ ಗೆರೆ! ‘ಸೀಡಿ ಸವದೈತಿ’ ಎಂದಳು ಅವ್ವ. ಒರೆಸಿ ಹಾಕಿದರೂ ಅದೇ ಕಥೆ.

ತಪ್ಪು ಡಿವಿಡಿಯದಲ್ಲ. ನಮ್ಮ ಪಾಲ್ ಪದ್ಧತಿಯ ಚಿತ್ರದಲ್ಲಿ 576 ಗೆರೆ. ಮದುವೆ ಕ್ಯಾಮೆರಾ ಸೆಕೆಂಡಿಗೆ 50 ಬಾರಿ, ಒಮ್ಮೆ ಬೆಸ ಗೆರೆ, ಒಮ್ಮೆ ಸಮ ಗೆರೆ ಹಿಡಿಯುತ್ತದೆ. ಅಷ್ಟರಲ್ಲಿ ಅಜ್ಜ ತುಸು ಸರಿದಿರುತ್ತಾನೆ. ಹಳೆಯ ಡಬ್ಬಾ ಟಿವಿ ಅದೇ ಸರದಿಯಲ್ಲಿ ತೋರಿಸುತ್ತಿತ್ತು. ಎಲ್‌ಇಡಿ ಎಲ್ಲವನ್ನೂ ಒಟ್ಟಿಗೇ ತೋರಿಸುತ್ತದೆ. ಎರಡು ಅರ್ಧಗಳನ್ನು ಹೊಂದಿಸಿ ಇಡೀ ಚಿತ್ರ ಕಳಿಸುವುದೇ ಪ್ರೊಗ್ರೆಸಿವ್ ಸ್ಕ್ಯಾನ್.

ಪ್ಲೇಯರ್‌ನ ಮೆನುವಿನಲ್ಲಿ ಅದನ್ನು ಆನ್ ಮಾಡಿದೆ. ಪರದೆ ಕಪ್ಪು! ಹಳದಿ ವೈರಿನಲ್ಲಿ ಅದು ಬರುವುದೇ ಇಲ್ಲ. ಚಿತ್ರಕ್ಕೇ ಹಸಿರು, ನೀಲಿ, ಕೆಂಪು ಮೂರು ವೈರು ಬೇಕು. ರೋಣದ ಅಂಗಡಿಯಿಂದ ತಂದು ಹಾಕಿದೆ. ಟಿವಿಯ ಶಾರ್ಪ್‌ನೆಸ್ ಇಳಿಸಿದೆ. ಅಗಲವನ್ನು 4:3ಕ್ಕೆ ತಂದೆ. ಅಲ್ಲಿಯವರೆಗೆ ನಮ್ಮ ಸಣಕಲು ಅಜ್ಜ ಪೈಲ್ವಾನನಾಗಿದ್ದ.

ಸಿನಿಮಾ ಡಿವಿಡಿಯಲ್ಲಿ ಎರಡು ಅರ್ಧಗಳೂ ಒಂದೇ ಫ್ರೇಮಿನವು, ಸರಿಯಾಗಿ ಕೂಡುತ್ತವೆ. ಮದುವೆ ವಿಡಿಯೊದಲ್ಲಿ ಪ್ಲೇಯರ್ ಊಹಿಸಬೇಕು, ಹಾಗಾಗಿ ತುಸು ಮಬ್ಬು ಉಳಿದಿದೆ. ಆದರೂ ಹಲ್ಲುಗಳು ಹೋದವು.

‘ಆ ರುಮಾಲು ಮಾವಾರು ನರಗುಂದದಾಗ ತಂದಿದ್ದು’ ಎಂದಳು ಅವ್ವ. ಮತ್ತೊಮ್ಮೆ ಹಿಂದಕ್ಕೆ ಓಡಿಸಿದೆ.