ಮನೆ ಕಟ್ಟುವ ಮೊದಲು ಕೇಳಬೇಕಾದ ವಿನಾಯಿತಿ

ಕಟ್ಟಡದ ನಿಯಮಗಳು ಊರಿನ ಎಲ್ಲ ನಿವೇಶನಗಳಿಗೂ ಒಂದೇ ಅಳತೆಗೋಲು ಹಿಡಿಯುತ್ತವೆ. ಆದರೆ ನಿವೇಶನಗಳು ಒಂದೇ ಅಳತೆಯಲ್ಲಿ ಹುಟ್ಟಿರುವುದಿಲ್ಲ. ಅಣ್ಣತಮ್ಮಂದಿರ ವಾಟಣಿಯಲ್ಲಿ ಉದ್ದಕ್ಕೆ ಸೀಳಿಹೋದ ಜಾಗ, ರಸ್ತೆ ಅಗಲೀಕರಣದಲ್ಲಿ ಮುಂಭಾಗ ಕಳೆದುಕೊಂಡ ಜಾಗ, ಮೂರು ಮೂಲೆಯಷ್ಟೇ ಉಳಿದ ಜಾಗ ಇವುಗಳಲ್ಲಿ ನಿಯಮವನ್ನು ಅಕ್ಷರಶಃ ಪಾಲಿಸಿದರೆ ವಾಸಕ್ಕೆ ಯೋಗ್ಯವಾದ ಮನೆಯೇ ಏಳುವುದಿಲ್ಲ. ಅಂಥ ಪ್ರಸಂಗದಲ್ಲಿ ನಿಯಮವನ್ನು ಹಾಗೆಯೇ ಉಳಿಸಿಕೊಂಡು, ಆ ಒಂದು ನಿವೇಶನದ ಮಟ್ಟಿಗೆ ಮಾತ್ರ ಅದನ್ನು ಇಂತಿಷ್ಟು ಎಂದು ಸಡಿಲಿಸುವುದಕ್ಕೆ ವಿನಾಯಿತಿ ಎನ್ನುತ್ತಾರೆ. ಇದನ್ನು ಯಾರು ಕೊಡಬೇಕು, ಯಾರ ಅಹವಾಲು ಕೇಳಿ ಕೊಡಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಯಾವಾಗ ಕೊಡಬೇಕು ಎಂಬ ಪ್ರಶ್ನೆಗಳು ಇಂದು ಮಹಾನಗರಗಳಿಗಿಂತಲೂ ಮನಗೂಳಿಯಂಥ ಬೆಳೆಯುತ್ತಿರುವ ಸಣ್ಣ ಪಟ್ಟಣಗಳನ್ನು ಹೆಚ್ಚು ಕಾಡುವಂಥವು.

ನಿಯಮಗಳು ಮುಖ್ಯವಾಗಿ ಮೂರು ಸಂಗತಿಗಳನ್ನು ಅಳೆಯುತ್ತವೆ. ಮೊದಲನೆಯದು ಸೆಟ್‌ಬ್ಯಾಕ್, ಅಂದರೆ ನಿವೇಶನದ ಗಡಿಗೂ ಕಟ್ಟಡದ ಗೋಡೆಗೂ ನಡುವೆ ನಾಲ್ಕೂ ದಿಕ್ಕಿಗೆ ಬಿಡಬೇಕಾದ ತೆರೆದ ಜಾಗ. ಎರಡನೆಯದು ಎಫ್‌ಎಆರ್, ಅಂದರೆ ಎಲ್ಲ ಮಹಡಿಗಳ ನೆಲದ ವಿಸ್ತೀರ್ಣವನ್ನು ಕೂಡಿಸಿದಾಗ ಅದು ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಇರಬಹುದೆಂಬ ಮಿತಿ. ಈ ಅನುಪಾತ 1.75 ಎಂದಿದ್ದರೆ 30 ಅಡಿಗೆ 40 ಅಡಿಯ, ಅಂದರೆ 1,200 ಚದರಡಿಯ ನಿವೇಶನದಲ್ಲಿ ಎಲ್ಲ ಮಹಡಿಗಳೂ ಸೇರಿ 2,100 ಚದರಡಿ ಮೀರುವಂತಿಲ್ಲ. ಮೂರನೆಯದು ಭೂಬಳಕೆ, ಅಂದರೆ ಆ ಜಾಗದಲ್ಲಿ ವಾಸದ ಮನೆ, ಅಂಗಡಿ, ಕಾರ್ಖಾನೆಗಳಲ್ಲಿ ಯಾವುದಕ್ಕೆ ಅವಕಾಶವಿದೆ ಎಂಬ ನಿರ್ಧಾರ. ಈ ಅಳತೆಗಳ ಹಿಂದೆ ಗಾಳಿ, ಬೆಳಕು, ಬೆಂಕಿಯಿಂದ ರಕ್ಷಣೆ, ಮಳೆನೀರಿನ ಹರಿವು ಎಂಬ ನಿತ್ಯದ ಅಗತ್ಯಗಳಿವೆ. ಕಿಟಕಿಯ ಬೆಳಕು ಎಂಬುದು ಕಾನೂನು ಗುರುತಿಸಿದ ಹಕ್ಕೂ ಹೌದು: 1882ರ ಭಾರತೀಯ ಅನುಭೋಗ ಹಕ್ಕುಗಳ ಅಧಿನಿಯಮದ 15ನೆಯ ಪ್ರಕರಣದ ಪ್ರಕಾರ, ಒಂದು ಕಟ್ಟಡವು 20 ವರ್ಷ ಅಡೆತಡೆಯಿಲ್ಲದೆ ಪಡೆದುಕೊಂಡು ಬಂದ ಗಾಳಿಬೆಳಕಿನ ಮೇಲೆ ಅದಕ್ಕೆ ಹಕ್ಕು ಸ್ಥಾಪಿತವಾಗುತ್ತದೆ. ಆದ್ದರಿಂದ ಒಬ್ಬರಿಗೆ ಕೊಟ್ಟ ಪ್ರತಿಯೊಂದು ವಿನಾಯಿತಿಯೂ ಪಕ್ಕದ ಮನೆಯವರ ಪಾಲಿನಿಂದ ಏನನ್ನಾದರೂ ತೆಗೆದುಕೊಳ್ಳುವ ಸಾಧ್ಯತೆ ಇದ್ದೇ ಇರುತ್ತದೆ.

ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿ ಗ್ರಾಮ ಪಂಚಾಯಿತಿಯ ಆಡಳಿತದಿಂದ ಪಟ್ಟಣ ಪಂಚಾಯಿತಿಯ ಆಡಳಿತಕ್ಕೆ ಬಂದ ಊರು. ಈ ಬದಲಾವಣೆಯೊಂದಿಗೆ ಅನ್ವಯಿಸುವ ಕಾನೂನೂ ಬದಲಾಯಿತು: ಹಿಂದೆ 1993ರ ಪಂಚಾಯತ್ ರಾಜ್ ಅಧಿನಿಯಮದ 64ನೆಯ ಪ್ರಕರಣದಡಿ ಪಂಚಾಯಿತಿಯಿಂದ ಸಿಗುತ್ತಿದ್ದ ಕಟ್ಟಡ ಪರವಾನಿಗೆಯನ್ನು ಈಗ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ 187ನೆಯ ಪ್ರಕರಣದಡಿ ಪಡೆಯಬೇಕು. ಊರಿನ ಹಳೆಯ ಭಾಗವಾದ ಗಾಂವಠಾಣದ ಮನೆಗಳಾದರೋ ಈ ಎರಡೂ ಕಾನೂನುಗಳಿಗಿಂತ ಹಿರಿಯವು. ಈ ಸೀಮೆಯ ಹಳೆಯ ಓಣಿಗಳಲ್ಲಿ ಕಲ್ಲಿನ ದಪ್ಪ ಗೋಡೆಯ ಮಾಳಿಗೆ ಮನೆಗಳು ಒಂದಕ್ಕೊಂದು ಅಂಟಿಕೊಂಡೇ ನಿಂತಿರುತ್ತವೆ. ಎಷ್ಟೋ ಕಡೆ ಎರಡು ಮನೆಗಳ ನಡುವೆ ಇರುವುದು ಒಂದೇ ಸಾಮಾಯಿಕ ಗೋಡೆ. ಬಿಸಿಲ ನಾಡಿನಲ್ಲಿ ಈ ರಚನೆಗೆ ತನ್ನದೇ ವಿವೇಕವಿತ್ತು. ಪಕ್ಕದ ಗೋಡೆಗಳಿಗೆ ಬಿಸಿಲು ತಾಗುತ್ತಿರಲಿಲ್ಲ, ಬೆಳಕು ಮಾಳಿಗೆಯ ಬೆಳಕಿಂಡಿಯಿಂದ ಇಳಿಯುತ್ತಿತ್ತು.

ಇಂಥ ಓಣಿಯ 24 ಅಡಿ ಅಗಲ, 40 ಅಡಿ ಉದ್ದದ ಮನೆಯೊಂದು ಇಬ್ಬರು ಅಣ್ಣತಮ್ಮಂದಿರಲ್ಲಿ ಪಾಲಾಗಿ, ಒಬ್ಬೊಬ್ಬರ ಪಾಲಿಗೆ 12 ಅಡಿ ಅಗಲದ ಪಟ್ಟಿ ಬಂದಿದೆ ಎಂದುಕೊಳ್ಳಬಹುದು. ಹಳೆಯ ಮಾಳಿಗೆಯನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟುವಾಗ ಎಡಕ್ಕೆ 3 ಅಡಿ, ಬಲಕ್ಕೆ 3 ಅಡಿ ಬಿಡಬೇಕೆಂದರೆ ಉಳಿಯುವುದು 6 ಅಡಿ. ಅದರಲ್ಲಿಯೇ ಗೋಡೆಗಳ ದಪ್ಪವನ್ನೂ ಕಳೆದರೆ ಮಂಚ ಹಾಕಿದ ಮೇಲೆ ಓಡಾಡಲು ಜಾಗವಿರದು. ಇಲ್ಲಿ ಅರ್ಜಿದಾರನ ಕಷ್ಟ ಜಾಗದಿಂದಲೇ ಹುಟ್ಟಿದ್ದು, ಹಾಗಾಗಿ ಅವನ ಬೇಡಿಕೆ ನ್ಯಾಯವಾದದ್ದು. ಆದರೆ ಊರಾಚೆಯ ಹೊಸ ಎನ್‌ಎ ಬಡಾವಣೆಯಲ್ಲಿ, ಅಂದರೆ ಕೃಷಿಭೂಮಿಯನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸಿ ಮಾಡಿದ ಬಡಾವಣೆಯಲ್ಲಿ, 30 ಅಡಿಗೆ 40 ಅಡಿಯ ಪ್ಲಾಟ್ ಕೊಂಡವರು ಬಾಡಿಗೆಗೆ ಇನ್ನೊಂದು ಕೋಣೆ ಬೇಕೆಂದು ಪಕ್ಕದ ಸೆಟ್‌ಬ್ಯಾಕನ್ನು ನುಂಗಿದರೆ, ಅಲ್ಲಿರುವುದು ಲಾಭದ ಆಸೆ. ಎರಡೂ ಅರ್ಜಿಗಳಲ್ಲಿ ಕೇಳಿದ ಅಡಿಗಳ ಲೆಕ್ಕ ಒಂದೇ ಆಗಿರಬಹುದು. ವಿನಾಯಿತಿಯ ವಿಚಾರಣೆ ಇರುವುದು ಇವೆರಡರ ಅಂತರವನ್ನು ಗುರುತಿಸುವುದಕ್ಕಾಗಿ.

ಈ ಕೆಲಸಕ್ಕೆಂದೇ ಪ್ರತ್ಯೇಕ ಮಂಡಳಿಯನ್ನು ರೂಪಿಸಿದ ದೇಶ ಅಮೆರಿಕ. ನ್ಯೂಯಾರ್ಕ್ ನಗರವು 1916ರಲ್ಲಿ ಇಡೀ ನಗರಕ್ಕೆ ಅನ್ವಯಿಸುವ ವಲಯ ನಿಯಮಗಳನ್ನು ತಂದ ಮೇಲೆ, 1920ರ ದಶಕದಲ್ಲಿ ಅಲ್ಲಿನ ಕೇಂದ್ರ ವಾಣಿಜ್ಯ ಇಲಾಖೆ ರಾಜ್ಯಗಳಿಗೊಂದು ಮಾದರಿ ಕಾಯ್ದೆಯನ್ನು ಸಿದ್ಧಪಡಿಸಿತು. ಐವರು ಸದಸ್ಯರ ಸ್ಥಳೀಯ ಮಂಡಳಿಯೊಂದು ಸಾರ್ವಜನಿಕ ಸಭೆಯಲ್ಲಿ ಅರ್ಜಿಯನ್ನು ವಿಚಾರಿಸಬೇಕು, ವಿನಾಯಿತಿ ಕೊಡಲು ನಾಲ್ವರ ಒಪ್ಪಿಗೆ ಬೇಕು ಎಂದು ಅದು ಸೂಚಿಸಿತ್ತು. ಅಲ್ಲಿ ಕಾಲಕ್ರಮದಲ್ಲಿ ನೆಲೆಗೊಂಡ ಪರೀಕ್ಷೆಗಳು ಸರಳವಾಗಿವೆ: ಕಷ್ಟವು ಆ ಜಾಗದ ವಿಶೇಷ ಲಕ್ಷಣದಿಂದ ಬಂದಿದೆಯೇ, ಅರ್ಜಿದಾರರೇ ಅದನ್ನು ತಂದುಕೊಂಡಿದ್ದಾರೆಯೇ, ವಿನಾಯಿತಿಯಿಂದ ಸುತ್ತಲಿನ ವಸತಿಯ ಸ್ವರೂಪ ಕೆಡುತ್ತದೆಯೇ, ಕೇಳಿದ್ದು ಅಗತ್ಯಕ್ಕಿಂತ ಹೆಚ್ಚೇ. ನೆರೆಯವರಿಗೆ ಮುಂಚಿತವಾಗಿ ನೋಟಿಸು ಹೋಗುತ್ತದೆ, ಅವರ ತಕರಾರು ದಾಖಲಾಗುತ್ತದೆ, ತೀರ್ಮಾನಕ್ಕೆ ಷರತ್ತುಗಳನ್ನು ಸೇರಿಸಬಹುದಾಗಿರುತ್ತದೆ.

ಕರ್ನಾಟಕದಲ್ಲಿ ಮನೆಮಾಲೀಕರ ಇಂಥ ಅರ್ಜಿಗಳಿಗೆಂದೇ ಬಹಿರಂಗ ವಿಚಾರಣೆ ನಡೆಸುವ ಮಂಡಳಿ ಇಲ್ಲ. ಆದರೆ ಅದರ ತತ್ತ್ವಗಳು ಕಾನೂನಿನ ಬೇರೆ ಬೇರೆ ಮೂಲೆಗಳಲ್ಲಿ ಹರಡಿಕೊಂಡಿವೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ 14ಎ ಪ್ರಕರಣವು, ಮಹಾಯೋಜನೆ ಜಾರಿಯಲ್ಲಿರುವ ಪ್ರದೇಶದಲ್ಲಿ ಭೂಬಳಕೆಯನ್ನು ಬದಲಿಸಬೇಕಾದರೆ ಬದಲಾವಣೆ ಸಾರ್ವಜನಿಕ ಹಿತಕ್ಕಾಗಿಯೇ ಇರಬೇಕು, ಪ್ರಸ್ತಾವವನ್ನು ಆ ಭಾಗದ ದಿನಪತ್ರಿಕೆಯಲ್ಲಿ ಪ್ರಕಟಿಸಿ ಜನರ ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು, ಸರ್ಕಾರದ ಪೂರ್ವಾನುಮೋದನೆ ಪಡೆಯಬೇಕು ಎನ್ನುತ್ತದೆ. ಬೆಂಗಳೂರು ಮಹಾನಗರ ಪಾಲಿಕೆಯ 2003ರ ಕಟ್ಟಡ ಉಪವಿಧಿಗಳು, ಸೆಟ್‌ಬ್ಯಾಕ್, ಎಫ್‌ಎಆರ್ ಮುಂತಾದವುಗಳಲ್ಲಿ ಶೇ 5ರೊಳಗಿನ ಉಲ್ಲಂಘನೆಯನ್ನು, ಅದನ್ನು ಕೆಡವಿದರೆ ಕಟ್ಟಡದ ಭದ್ರತೆಗೇ ಧಕ್ಕೆಯಾಗುವಂತಿದ್ದಾಗ, ವಿವರವಾದ ಕಾರಣಗಳನ್ನು ಬರೆದಿಟ್ಟು ಸಕ್ರಮಗೊಳಿಸುವ ಅಧಿಕಾರವನ್ನು ಆಯುಕ್ತರಿಗೆ ಕೊಟ್ಟಿದ್ದವು. ಮೊದಲನೆಯದರಲ್ಲಿ ಜನರ ಮಾತು ಕೇಳುವ ಕಟ್ಟಳೆಯಿದೆ, ಎರಡನೆಯದರಲ್ಲಿ ಕಾರಣ ಬರೆಯುವ ಕಟ್ಟಳೆಯಿದೆ. ಇವೆರಡೂ ಒಂದೇ ಕಡೆ, ಸಾಮಾನ್ಯ ಮನೆಯ ಅರ್ಜಿಗೂ ಸಿಗುವಂತಾಗಿಲ್ಲ ಎಂಬುದೇ ಕೊರತೆ.

ಮನಗೂಳಿಗೆ ಇನ್ನೂ ಒಂದು ಸಂಗತಿ ಸೇರುತ್ತದೆ. ವಿಜಯಪುರದಿಂದ ಹೊಸಪೇಟೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 50 ಮತ್ತು ತಾಳಿಕೋಟೆಯ ಮೂಲಕ ಹೋಗುವ ಮನಗೂಳಿ–ದೇವಾಪುರ ರಾಜ್ಯ ಹೆದ್ದಾರಿ ಈ ಊರನ್ನು ಮುಟ್ಟುತ್ತವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದಂತೆ ಬಯಲು ಸೀಮೆಯ ತೆರೆದ ಪ್ರದೇಶದಲ್ಲಿ ಇಂಥ ಹೆದ್ದಾರಿಗಳ ಎರಡೂ ಬದಿಯ ಕಟ್ಟಡ ರೇಖೆಗಳ ನಡುವೆ 80 ಮೀಟರ್ ಅಂತರವಿರಬೇಕು. ಕಟ್ಟಡ ರೇಖೆಯೆಂದರೆ ಅದರಿಂದ ರಸ್ತೆಯ ಕಡೆಗೆ ಏನನ್ನೂ ಕಟ್ಟಬಾರದೆಂಬ ಗಡಿ. ಹೆದ್ದಾರಿಗೆ ಮುಖಮಾಡಿ ಅಂಗಡಿ ಹಾಕಬೇಕೆಂಬ ಆಸೆ ಸಹಜವಾದರೂ, ಇಲ್ಲಿ ವಿನಾಯಿತಿಯ ಬೆಲೆಯನ್ನು ತೆರುವವರು ಪಕ್ಕದ ಮನೆಯವರಷ್ಟೇ ಆಗಿರದೆ ಆ ದಾರಿಯಲ್ಲಿ ಓಡಾಡುವ ಎಲ್ಲರೂ ಆಗಿರುತ್ತಾರೆ.

ಮೊದಲೇ ಕೇಳುವ ದಾರಿ ಸ್ಪಷ್ಟವಾಗಿರದ ಕಡೆ, ಕಟ್ಟಿದ ಮೇಲೆ ಕ್ಷಮೆ ಕೇಳುವ ರೂಢಿ ಬೆಳೆಯುತ್ತದೆ. ಕರ್ನಾಟಕದಲ್ಲಿ ಅದರ ದೊಡ್ಡ ರೂಪವೇ ಅಕ್ರಮ ಸಕ್ರಮ ಯೋಜನೆ. ಯೋಜನಾ ಅಧಿನಿಯಮಕ್ಕೆ ಸೇರಿಸಿದ 76ಎಫ್‌ಎಫ್ ಪ್ರಕರಣ ಮತ್ತು 2014ರ ನಿಯಮಗಳಂತೆ, 2013ರ ಅಕ್ಟೋಬರ್ 19ಕ್ಕೆ ಮೊದಲಿನ ಕಟ್ಟಡಗಳಲ್ಲಿ ವಾಸದ ಮನೆಗಳಿಗೆ ಶೇ 50ರವರೆಗೆ, ವಾಣಿಜ್ಯ ಕಟ್ಟಡಗಳಿಗೆ ಶೇ 25ರವರೆಗೆ ಉಲ್ಲಂಘನೆಯನ್ನು ಶುಲ್ಕ ಪಡೆದು ಸಕ್ರಮಗೊಳಿಸಲು ಅವಕಾಶ ಕಲ್ಪಿಸಲಾಗಿತ್ತು. ರಾಜ್ಯ ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಇದನ್ನು ಎತ್ತಿಹಿಡಿಯಿತಾದರೂ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡಿತು. ಮುಂದೆ 2024ರ ಡಿಸೆಂಬರ್ 17ರಂದು, ಉತ್ತರಪ್ರದೇಶದ ಮೀರತ್‌ನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯವು, ಕಟ್ಟಡ ಪೂರ್ಣಗೊಂಡ ಅಥವಾ ವಾಸಯೋಗ್ಯವೆಂಬ ಪ್ರಮಾಣಪತ್ರವಿಲ್ಲದೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದೆಂದು ಇಡೀ ದೇಶಕ್ಕೆ ಅನ್ವಯಿಸುವಂತೆ ನಿರ್ದೇಶಿಸಿತು. ಸಕ್ರಮವನ್ನು ನೆಚ್ಚಿಕೊಂಡು ಕಟ್ಟುವ ಕಾಲ ಮುಗಿಯಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕಿಲ್ಲ.

ಕಟ್ಟಿದ ಮೇಲಿನ ಸಕ್ರಮದಲ್ಲಿ ನೆರೆಯವರಿಗೆ ಮಾತಿಲ್ಲ, ಷರತ್ತಿಗೆ ಜಾಗವಿಲ್ಲ. ನಿಯಮ ಪಾಲಿಸಿ ಎರಡು ಕೋಣೆ ಕಡಿಮೆ ಕಟ್ಟಿಕೊಂಡವರಿಗೆ ತಾವೇ ಮೋಸಹೋದೆವೆಂಬ ಭಾವನೆ ಉಳಿಯುತ್ತದೆ. ಕಟ್ಟುವ ಮೊದಲು ಕೇಳಿದ ವಿನಾಯಿತಿಯಲ್ಲಿಯಾದರೆ, ಪಕ್ಕದ ಮನೆಯ ಕಡೆಗೆ ಕಿಟಕಿ ಇಡಬಾರದು, ಮಾಳಿಗೆಯ ನೀರನ್ನು ಕೊಳವೆಯಲ್ಲಿ ಇಳಿಸಿ ಓಣಿಯ ಗಟಾರಕ್ಕೇ ಬಿಡಬೇಕು, ಸಜ್ಜಾ ಗಡಿ ದಾಟಬಾರದು, ಒಳಗೆ ಬೆಳಕಿಂಡಿ ಇರಲೇಬೇಕು ಎಂದು ಮುಂಚೆಯೇ ಗೊತ್ತುಪಡಿಸಬಹುದು. ನಕಾಶೆಯ ಮೇಲೆ ಒಂದು ಗೆರೆಯನ್ನು ಸರಿಸಲು ನಿಮಿಷ ಸಾಕು. ಎದ್ದು ನಿಂತ ಗೋಡೆಯನ್ನು ಸರಿಸಲು ಸಾಲ ಮಾಡಬೇಕಾಗುತ್ತದೆ.

ಸಂವಿಧಾನದ 74ನೆಯ ತಿದ್ದುಪಡಿಯು ಸೇರಿಸಿದ 12ನೆಯ ಅನುಸೂಚಿಯಲ್ಲಿ ನಗರ ಯೋಜನೆ, ಭೂಬಳಕೆಯ ನಿಯಂತ್ರಣ ಮತ್ತು ಕಟ್ಟಡಗಳ ನಿರ್ಮಾಣ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ಮೊದಲ ಎರಡು ವಿಷಯಗಳಾಗಿ ನಿಂತಿವೆ. ಆ ಆಶಯ ಕೈಗೂಡಬೇಕಾದರೆ ಮನಗೂಳಿಯಲ್ಲಾಗಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಾಗಲಿ ವಿನಾಯಿತಿಯ ಅರ್ಜಿಗೆ ಒಂದು ಗೊತ್ತಾದ ಕ್ರಮ ಬೇಕು. ಅರ್ಜಿಯೊಂದಿಗೆ ಉತಾರ, ವಾಟಣಿ ಪತ್ರ, ಅಳತೆಯ ನಕಾಶೆ ಇರಬೇಕು. ಆಜುಬಾಜುದವರಿಗೆ ಬರವಣಿಗೆಯಲ್ಲಿ ತಿಳಿವಳಿಕೆ ಹೋಗಬೇಕು. ಎಂಜಿನಿಯರ್ ಜಾಗಕ್ಕೆ ಬಂದು ಅವರೆದುರಿಗೇ ಅಳೆದು ಪಂಚನಾಮೆ ಬರೆಯಬೇಕು. ಮಂಜೂರಾಗಲಿ, ತಿರಸ್ಕೃತವಾಗಲಿ, ಕಾರಣವನ್ನು ಯಾರು ಬೇಕಾದರೂ ಓದುವಂತೆ ನೋಟಿಸು ಹಲಗೆಯ ಮೇಲೆ ಹಾಕಬೇಕು. ಇವತ್ತು ಬರೆದಿಟ್ಟ ಕಾರಣ ನಾಳೆ ಅಂಥದೇ ಇಕ್ಕಟ್ಟಿನ ಜಾಗದವರಿಗೆ ಆಧಾರವಾಗುತ್ತದೆ, ಇಲ್ಲದ ಕಷ್ಟವನ್ನು ಹೇಳಿಕೊಂಡು ಬಂದವರಿಗೆ ಉತ್ತರವೂ ಆಗುತ್ತದೆ. ಹೀಗೆ ಕೊಟ್ಟ ವಿನಾಯಿತಿಯಿಂದ ನಿಯಮದ ಮೇಲಿನ ಗೌರವ ಕುಗ್ಗುವುದಿಲ್ಲ. 12 ಅಡಿ ಅಗಲದ ಜಾಗದವನಿಗೂ ಕಾನೂನಿನೊಳಗೇ ಮನೆ ಕಟ್ಟಿಕೊಳ್ಳುವ ದಾರಿಯಿದೆ ಎಂಬ ನಂಬಿಕೆ ಊರಲ್ಲಿ ಹುಟ್ಟುತ್ತದೆ.